ಪಟ್ಟೆಕಲ್ಲಿನ ನೀರು

ನಮ್ಮ ಗಣಿಯ ನೀರು ಹೊರಗೆ ಬಿಡೋದಕ್ಕೆ ಸಲಹಾ ಸಂಸ್ಥೆಯವರು ತಯಾರಿಸಿ ಕಳಿಸಿದ ಅರ್ಜಿಯಲ್ಲಿ ‘ಕಲ್ಲಿದ್ದಲು’ ಅಂತ ಇದ್ದದ್ದು ನೋಡಿ ನಾನು ಗಟ್ಟಿಯಾಗಿ ನಕ್ಕುಬಿಟ್ಟಿದ್ದೆ. ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ, ಮ್ಯಾಂಗನೀಸ್ ಇದೆ. ಕಲ್ಲಿದ್ದಲು ಎಲ್ಲಿಂದ ಬರಬೇಕು? ಯಾವುದೋ ದೂರದ ರಾಜ್ಯದ ಕಲ್ಲಿದ್ದಲು ಗಣಿಗೆ ಬರೆದಿದ್ದ ಅರ್ಜಿಯನ್ನೇ ಎತ್ತಿ, ಹೆಸರು ಬದಲಿಸಿ, ನಮ್ಮ ತಲೆಗೆ ಕಟ್ಟಿದ್ದರು. ಅಂಥವರನ್ನ ನಾನು ಸುಮ್ಮನೆ ಬಿಡೋಳಲ್ಲ. ಫೋನ್ ಮಾಡಿ ಚೆನ್ನಾಗಿ ಉಗಿದೆ, ಆಮೇಲೆ ಕೆಂಪು ಪೆನ್ನು ಹಿಡಿದು ನಾನೇ ತಿದ್ದೋಕೆ ಕೂತೆ. ಕಲ್ಲಿದ್ದಲು ಹೋಯಿತು, ಗಂಧಕ ಹೋಯಿತು, ಆಮ್ಲದ ನೀರಿನ ಮಾತೆಲ್ಲ ಹೋಯಿತು. ಒಂದು ಸಾಲು ಮಾತ್ರ ಉಳಿಯಿತು. ನೀರು ಹೊರಬೀಳುವ ಜಾಗದ ಸುತ್ತ ಬೇಲಿ ಹಾಕಿ, ಸಾರ್ವಜನಿಕರು ಅದನ್ನು ಮುಟ್ಟದಂತೆ ನೋಡಿಕೊಳ್ಳಲಾಗುವುದು ಅನ್ನೋ ಸಾಲು.

ಕಲ್ಲಿದ್ದಲು ಗಣಿಯ ನೀರು ಕೆಲವು ಕಡೆ ನಿಂಬೆಹುಳಿಗಿಂತ ಹುಳಿ ಇರುತ್ತೆ, ಚರ್ಮ ಉರಿಯುತ್ತೆ, ಅಲ್ಲಿಗೆ ಬೇಲಿ ಬೇಕು. ನಮ್ಮ ನೀರಲ್ಲಿ ಇದ್ದದ್ದು ಬರೀ ಕೆಂಪು ಮಣ್ಣು. ಆ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ಇರಲಿ ಬಿಡು, ಬೇಲಿ ಹಾಕಿದರೆ ಯಾರ ಗಂಟು ಹೋಗುತ್ತೆ ಅಂದುಕೊಂಡು ಮುಂದಿನ ಪುಟ ತಿರುಗಿಸಿದೆ. ಅರ್ಜಿಯಲ್ಲಿ ನಾವು ಏನು ಮಾಡ್ತೀವಿ ಅಂತ ಬರೀತೀವೋ, ಅದೇ ನಾಳೆ ಅನುಮತಿ ಪತ್ರದಲ್ಲಿ ಷರತ್ತಾಗಿ ವಾಪಸ್ ಬರುತ್ತೆ. ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠವೇ ಅದು.

ಅನುಮತಿ ಬೇಕಾದದ್ದು ಯಾಕೆ ಅಂದರೆ, ಆ ವರ್ಷ ಮಳೆ ಚೆನ್ನಾಗಿ ಹಿಡಿದು ಗಣಿಯ ಗುಂಡಿ ತುಂಬಿತ್ತು. ತಳದ ಅದಿರೆಲ್ಲ ನೀರಿನಡಿ ಸೇರಿತ್ತು. ಅಲ್ಲಿಯವರೆಗೆ ಗುಂಡಿಯ ನೀರನ್ನ ಧೂಳೇಳದಂತೆ ರಸ್ತೆಗೆ ಚಿಮುಕಿಸಿ ಮುಗಿಸ್ತಿದ್ದೆವು. ಈಗ ರಸ್ತೆ ಎಷ್ಟು ಅಂತ ಕುಡಿದೀತು? ಗುಂಡಿ ಬರಿದು ಮಾಡದೆ ಕೆಲಸ ಸಾಗಲ್ಲ ಅಂತ ನಮ್ಮ ಮ್ಯಾನೇಜರು ದಿನಾ ಬೆಳಗ್ಗೆ ನನ್ನ ಮೇಜಿನ ಮುಂದೆ ನಿಂತು ಕೆಮ್ಮೋರು. ಗಣಿಯ ಪರಿಸರ ವಿಭಾಗ ಅಂದರೆ ನಾನೊಬ್ಬಳೇ. ಮಾಲಿನ್ಯ ಮಂಡಳಿಯವರು ಕೊನೆಗೆ ಪ್ರಾಯೋಗಿಕ ಅನುಮತಿ ಕೊಟ್ಟರು. ಕೆಲವು ತಿಂಗಳು ನೀರನ್ನ ತಿಳಿ ಮಾಡಿ ಹಳ್ಳಕ್ಕೆ ಬಿಡಿ, ಆಮೇಲೆ ನಾವು ಬಂದು ನಿಮ್ಮೆದುರಿಗೇ ಮಾದರಿ ತೆಗೀತೀವಿ, ಪಾಸಾದರೆ ಖಾಯಂ, ಇಲ್ಲದಿದ್ದರೆ ಬಂದ್.

ಆ ಮಣ್ಣು ನನ್ನ ಜೀವ ಹಿಂಡಿತು. ಎರಡು ಹೊಂಡ ತೋಡಿಸಿ, ಮೊದಲನೆಯದರಲ್ಲಿ ನಿಂತ ನೀರು ಎರಡನೆಯದಕ್ಕೆ ಹರಿಯೋ ಹಾಗೆ ಮಾಡಿಸಿದ್ದೆ. ನೀರು ನಿಂತೇ ಇರೋದು, ಕೆಂಪು ಇಳೀತಿರಲಿಲ್ಲ. ಅರಿಶಿನ ಕದಡಿದ ಹಾಗೆ ಅಷ್ಟು ನಯವಾದ ಮಣ್ಣು. ಗಾಜಿನ ಲೋಟಗಳಲ್ಲಿ ಅದೇ ನೀರು ತುಂಬಿಸಿ, ಒಂದೊಂದಕ್ಕೆ ಒಂದೊಂದು ಅಳತೆ ಪಟಿಕ ಹಾಕಿ ಕಲಕಿ, ಯಾವುದರಲ್ಲಿ ಬೇಗ ಗಸಿ ಕೂರುತ್ತೆ ಅಂತ ನೋಡ್ತಾ ಕೂರ್ತಿದ್ದೆ. ಪಟಿಕ ಹೆಚ್ಚಾದರೆ ನೀರು ಹುಳಿ ತಿರುಗೋದು, ಆಗ ಸುಣ್ಣ ಹಾಕಬೇಕು. ಸುಣ್ಣ ಹೆಚ್ಚಾದರೆ ಮತ್ತೆ ಬೇರೆ ರಗಳೆ. ಅಳತೆ ಸಿಕ್ಕಿತು ಅನ್ನೋ ಹೊತ್ತಿಗೆ, ಪಂಪಿನ ಪೈಪು ನೇರ ಹೊಂಡದೊಳಗೆ ಧುಮುಕಿ ಕೂತ ಮಣ್ಣನ್ನೆಲ್ಲ ಎಬ್ಬಿಸೋದು ಕಂಡಿತು. ಪೈಪಿನ ಬಾಯಿಗೆ ಕಲ್ಲು ಜೋಡಿಸಿ ರಭಸ ಮುರಿಸಿದೆ, ಹೊಂಡದೊಳಗೆ ಅಡ್ಡಗೋಡೆ ಕಟ್ಟಿಸಿ ನೀರು ಹಾವಿನ ಹಾಗೆ ಸುತ್ತಿ ಬರೋ ಹಾಗೆ ಮಾಡಿದೆ. ಕೊನೆಗೊಂದು ದಿನ ಎರಡನೇ ಹೊಂಡದ ತಳ ಕಾಣಿಸಿತು. ಆವತ್ತು ನನಗಾದ ಖುಷಿ ನನ್ನ ಮದುವೇಲೂ ಆಗಿರಲಿಲ್ಲ ಅಂದರೆ ನಮ್ಮ ಮನೆಯವರು ಬೇಜಾರು ಮಾಡ್ಕೊತಾರೆ, ಆದರೂ ನಿಜ.

ಹೊಂಡದಿಂದ ಹೊರಟ ನೀರು ಒಂದು ಸಣ್ಣ ಮಡುವಿಗೆ ಬಂದು, ಅಲ್ಲಿ ಇಟ್ಟ ತಗಡಿನ ಹಲಗೆಯ ತ್ರಿಕೋನ ಬಾಯಿಂದ ಹಳ್ಳಕ್ಕೆ ಬೀಳಬೇಕು. ಎಷ್ಟು ನೀರು ಹೋಯಿತು ಅಂತ ಅಳೆಯೋದು ಅಲ್ಲೇ, ಮಾದರಿ ತೆಗೆಯೋದೂ ಅಲ್ಲೇ. ಜಾಗ ಗುರುತಾಗಲಿ ಅಂತ ಮಡುವಿನ ದಂಡೆಗೆ ಒಂದು ಕಲ್ಲು ನೆಡಿಸಿ, ದೂರಕ್ಕೆ ಕಾಣೋ ಹಾಗೆ ಕೆಂಪು ಬಿಳಿ ಪಟ್ಟೆ ಬಳಿಸಿದೆ. ನಮ್ಮ ಸೀಮೆಯ ಗುಡಿಗಳ ಗೋಡೆಗೆ ಕೆಮ್ಮಣ್ಣು ಸುಣ್ಣದ ಪಟ್ಟೆ ಹೊಡೆಯೋದನ್ನ ಹುಟ್ಟಿದಾಗಿಂದ ನೋಡಿದೋಳು ನಾನು. ಆದರೂ ಆ ಕಲ್ಲು ನೋಡಿದಾಗ ನನಗೆ ಸರ್ವೆಯವರ ಗೂಟ ಮಾತ್ರ ಕಂಡಿತು.

ಹಳ್ಳದ ಕೆಳಗೆ ಒಂದು ಊರು, ಊರ ಮುಂದೆ ಒಂದು ಕೆರೆ. ಮೇಲೆ ಗಣಿಯ ಮಣ್ಣಿನ ಗುಡ್ಡೆ ಬಿದ್ದಮೇಲೆ ಆ ಕೆರೆಗೆ ನೀರು ಬರೋ ದಾರಿ ಕಟ್ಟಿಹೋಗಿತ್ತು. ನಮ್ಮ ನೀರು ಹರಿಯತೊಡಗಿದ ಮೇಲೆ ಮೊದಲು ಕೆರೆಯ ಮಧ್ಯ ಒದ್ದೆಯಾಯಿತು, ಆಮೇಲೆ ಕೊಕ್ಕರೆ ಬಂದವು, ಆಮೇಲೆ ಕೆರೆ ಪಕ್ಕದ ಬತ್ತಿದ್ದ ಬೋರು ನೀರು ಕೊಟ್ಟಿತು. ಟ್ಯಾಂಕರಿಗೆ ಕಾಯೋದು ನಿಂತಿತು. ಆ ಸುದ್ದಿ ಹೊತ್ತು ಗಣಿಯ ಗೇಟಿಗೆ ಬಂದವಳು ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡೋ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷ ಆಗಿದ್ದ, ತೆಳ್ಳಗೆ ಚುರುಕಾಗಿದ್ದ ಹೆಂಗಸು. ಹಿಂದೆ ನೀರಿಲ್ಲ ಅಂತ ಹೇಳೋಕೆ ಗೇಟಿಗೆ ಬಂದು ಬಂದು ಕಾವಲಿನವರ ಬಾಯಲ್ಲಿ ಬೈಸಿಕೊಂಡವಳೂ ಅವಳೇ. ಈ ಸಲ ಸೆರಗಿನಲ್ಲಿ ಸೀತಾಫಲ ಕಟ್ಟಿಕೊಂಡು ತಂದಿದ್ದಳು.

ಅವಳು ಕೇಳಿದ್ದು ಒಂದೇ. ನೀವು ಹಾಕ್ತಿರೋ ಬೇಲಿ ನಮ್ಮ ದಾರಿಗೆ ಅಡ್ಡ ಬರ್ತೈತೆ, ದನ ಹಳ್ಳ ದಾಟೋದು ಅಲ್ಲೇ, ನಾವು ಬಟ್ಟೆ ಒಗೆಯೋದೂ ಅಲ್ಲೇ, ಒಂದೀಟು ಸಂದಿ ಬಿಡಿಸ್ರಿ ಅಂದಳು. ನನಗೂ ಅದು ನ್ಯಾಯ ಅನ್ನಿಸಿತು. ಕಲ್ಲಿದ್ದಲು ಗಣಿಯ ಬೇಲಿ ನಮ್ಮೂರ ಹೆಂಗಸರಿಗೆ ಯಾಕೆ? ಜಾಲಿ ಪೊದೆ ಮರೆಯಲ್ಲಿ ಸಂದಿ ಬಿಡಿಸಿದೆ. ಮಂಡಳಿಗೆ ಕಳಿಸಿದ ವರದಿಯಲ್ಲಿ ಬೇಲಿ ಪೂರ್ಣಗೊಂಡಿದೆ ಅಂತ ಬರೆದೆ. ಅಷ್ಟಗಲದ ಸಂದಿಗೆ ಯಾರು ತಲೆ ಕೆಡಿಸ್ಕೊಳ್ತಾರೆ ಅಂತ ನನ್ನ ಧೈರ್ಯ.

ಮಾದರಿ ತೆಗೆಯೋ ದಿನ ಗೊತ್ತಾದಾಗ ಅವಳಿಗೆ ಹೇಳಿದವಳೂ ನಾನೇ. ಶಾಲೆಯ ಮುಂದೆ ಜೀಪು ನಿಲ್ಲಿಸಿ, ಸೋಮವಾರ ಆಫೀಸರು ಬರ್ತಾರೆ ಅಕ್ಕ, ಅವರು ಪಟ್ಟೆಕಲ್ಲಿನ ಹತ್ರ ನೀರು ತುಂಬ್ಕೊಂಡು ಹೋಗಿ ಪರೀಕ್ಷೆ ಮಾಡಿ ಪಾಸು ಅಂದ್ರೆ ನಿಮ್ಮ ಕೆರೆಗೆ ನೀರು ಖಾಯಂ ಆದ ಹಾಗೆ ಅಂದೆ. ನಂದೆಲ್ಲ ಮಾಡಿದೀನಿ, ಇನ್ನು ಗಂಗಮ್ಮನ ಮೇಲೆ ಭಾರ ಅಂತಲೂ ಸೇರಿಸಿದೆ. ಬಾಯಿಗೆ ಬಂದದ್ದು, ಅಷ್ಟೆ. ದಿನಕ್ಕೆ ಹತ್ತು ಸಲ ಅಂತಹ ಮಾತು ಆಡ್ತೀವಿ. ಅವಳು ಮಾತ್ರ ಸೌಟು ಹಿಡಿದೇ ತಲೆ ಆಡಿಸಿ, ಆತು ಮೇಡಂ ಅಂದಿದ್ದಳು.

ಸೋಮವಾರ ಬೆಳಗ್ಗೆ ಕರೆಂಟು ಹೋಗಿತ್ತು. ಪಂಪು ನಿಂತು, ಮಡುವಿನ ನೀರು ಅಲುಗಾಡದೆ ನಿಂತಿತ್ತು. ಮಂಡಳಿಯ ಅಧಿಕಾರಿ ಬಂದು ಚಹಾ ಕುಡಿಯೋ ಹೊತ್ತಿಗೆ ಕರೆಂಟು ಬಂತು. ಪಂಪು ಹಾಕಿಸಿ, ಹೊಂಡದ ಏರಿ ಮೇಲೆ ಅವರನ್ನ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನವರು, ಕೆಲಸದಲ್ಲಿ ಶಿಸ್ತು, ಮಾತು ಕಮ್ಮಿ. ಐಸಿನ ಪೆಟ್ಟಿಗೆ, ಜಿಡ್ಡಿನ ಪರೀಕ್ಷೆಗೆ ಗಾಜಿನ ಬಾಟಲಿ, ಉಳಿದದ್ದಕ್ಕೆ ಪ್ಲಾಸ್ಟಿಕ್ ಬಾಟಲಿ, ಸೀಲು ಮಾಡೋಕೆ ಅರಗು, ಎಲ್ಲ ಅವರ ಜೊತೆಗಿತ್ತು. ಪಟ್ಟೆಕಲ್ಲು ಕಾಣಿಸುತ್ತಲೇ ನನ್ನ ಕಾಲು ನಿಂತವು.

ಕಲ್ಲಿಗೆ ತುದಿಯಿಂದ ಬುಡದವರೆಗೆ ಅರಿಶಿನ ಕುಂಕುಮ. ಕೊರಳಿಗೆ ಸೇವಂತಿಗೆ ಹಾರ. ಬುಡದಲ್ಲಿ ಊದುಬತ್ತಿ ಇನ್ನೂ ಹೊಗೆಯಾಡ್ತಿತ್ತು. ಮಡುವಿನ ಮೇಲೆ ಹೂವು ತೇಲ್ತಿದ್ದವು. ಜನ ಯಾರೂ ಇರಲಿಲ್ಲ. ನಾನು ಬಗ್ಗಿ ಹೂವನ್ನೆಲ್ಲ ಬಾಚಿ ದಂಡೆಗೆ ಹಾಕಿದೆ. ಮೇಲಿನ ನೀರು ಕಣ್ಣಿಗೆ ತಿಳಿಯಾಗೇ ಕಾಣ್ತಿತ್ತು.

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು. ಸ್ಥಳದಲ್ಲಿ ಪೂಜೆಯ ಸಾಮಗ್ರಿ ಕಂಡುಬಂತು ಅಂತ ಷರಾ ಬರೆದರೆ ಇವತ್ತಿನ ಮಾದರಿ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಬಂದು ತೆಗೀಬಹುದು ಅಂದರು. ಆದರೆ ಹಾಗೆ ಬರೆದರೆ ಬೇಲಿಯೊಳಗೆ ಜನ ಹೇಗೆ ಬಂದರು ಅನ್ನೋ ಪ್ರಶ್ನೆ ಏಳುತ್ತೆ, ಬೇಲಿಯನ್ನ ಪೂರ್ತಿ ಸುತ್ತಿ ನೋಡಬೇಕಾಗುತ್ತೆ.

“ಬರೀಲಾ ಮೇಡಂ?” ಅಂತ ಕೇಳಿದರು.

ಬೇಲಿ ಪೂರ್ಣ ಅಂತ ನಾನು ಸಹಿ ಹಾಕಿದ್ದ ವರದಿ ಅವರ ಕೈಚೀಲದಲ್ಲೇ ಇತ್ತು. ಸಂದಿ ಕಂಡರೆ ಸುಳ್ಳು ವರದಿ ಅಂತ ನೋಟೀಸು, ಅನುಮತಿ ಅಲ್ಲೇ ರದ್ದು, ನನ್ನ ಕೆಲಸದ ಕಥೆ ಆಮೇಲೆ. ಸಂದಿ ಮುಚ್ಚಿಸಿದರೆ ಹೆಂಗಸರ ದಾರಿ ಹೋಯಿತು. ನಾಲ್ಕು ಹೂವಿಗೆ ನೀರು ಕೆಡುತ್ತಾ? ನನ್ನ ಪಟಿಕದ ಮೇಲೆ, ಅಡ್ಡಗೋಡೆಯ ಮೇಲೆ ನನಗೆ ಅಷ್ಟು ಜಂಬ.

“ಬ್ಯಾಡ ಸರ್, ನೀರು ತಿಳಿಯಾಗೈತೆ. ತಗೊಳ್ರಿ” ಅಂದೆ.

ಅವರು ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿಕೊಂಡರು. ಬಾಟಲಿ ಮುಳುಗಿಸಿ ತುಂಬಿಸಿದರು, ಅರಗು ಹಚ್ಚಿ ಸೀಲು ಒತ್ತಿದರು. ನಾನು ಸಹಿ ಮಾಡಿದೆ.

ಫಲಿತಾಂಶ ಬಂದಾಗ ಮೂರು ಕಡೆ ಫೇಲು. ತೇಲುವ ಕಣ ಮಿತಿ ಮೀರಿತ್ತು. ಕೊಳೆಯೋ ಪದಾರ್ಥ ನೀರಿನ ಆಮ್ಲಜನಕ ಎಷ್ಟು ತಿನ್ನುತ್ತೆ ಅಂತ ನೋಡೋ ಪರೀಕ್ಷೆ ಮಿತಿ ಮೀರಿತ್ತು. ಎಣ್ಣೆ ಜಿಡ್ಡೂ ಮೀರಿತ್ತು. ವಾಹನ ತೊಳೆದ ನೀರೋ, ಡೀಸೆಲ್ಲೋ ಸೋರಿ ಸೇರ್ತಿರೋ ಸಂಶಯ ಇದೆ, ತಕ್ಷಣ ಹೊರಹರಿವು ನಿಲ್ಲಿಸಿ ಅಂತ ಆದೇಶ. ನಾನು ಗ್ಯಾರೇಜಿನ ಚರಂಡಿಗಳನ್ನೆಲ್ಲ ಮೊಣಕಾಲೂರಿ ನೋಡಿದೆ. ಒಂದು ಹನಿ ಡೀಸೆಲ್ ಹೊಂಡದ ಕಡೆ ಹೋಗಿರಲಿಲ್ಲ. ಮ್ಯಾನೇಜರಿಗೆ ಒಳಗೊಳಗೇ ನಿರಾಳ. ಅದಿರು ತೆಗೆದು ಬಿಟ್ಟಿದ್ದ ಹಳೇ ಗುಂಡಿಯೊಂದಕ್ಕೆ ನೀರು ತಿರುಗಿಸೋ ಯೋಚನೆ ಅವರಿಗೆ ಅಷ್ಟರಲ್ಲಿ ಬಂದಿತ್ತು. ಅದಕ್ಕೆ ಹೊರಗೆ ಬಿಡೋ ಅನುಮತಿಯ ರಗಳೆಯಿಲ್ಲ. ಹೋಗ್ಲಿ ಬಿಡಿ ಮೇಡಂ, ನಮ್ಮ ಕೆಲಸ ನಿಲ್ಲಲಿಲ್ಲವಲ್ಲ ಅಂದರು. ಪೈಪು ಆ ಕಡೆ ತಿರುಗಿತು, ಹಲಗೆಯ ಬಾಯಿ ಒಣಗಿತು.

ಡೀಸೆಲ್ ಅಲ್ಲದಿದ್ದರೆ ಜಿಡ್ಡು ಎಲ್ಲಿಂದ ಬಂತು? ಅದೊಂದು ನನ್ನನ್ನ ಕೊರೀತಿತ್ತು. ಉತ್ತರ ಕೊಟ್ಟವನು ನನ್ನ ಜೀಪಿನ ಚಾಲಕ. ಅವನದು ಅದೇ ಊರು. ಒಂದು ಸಂಜೆ ಹೊಳಲ್ಕೆರೆಗೆ ವಾಪಸ್ ಬರ್ತಾ, ನಮ್ಮೂರಾಗೆ ಗಂಗಮ್ಮ ಮುನಿಸ್ಕಂಡಾಳೆ ಮೇಡಂ ಅಂತ ಶುರು ಮಾಡಿದ. ಆಫೀಸರು ಬರೋ ದಿನ ಬೆಳಗ್ಗೆ ಹೆಂಗಸರೆಲ್ಲ ತಲೆ ಮೇಲೆ ನೀರು ಹುಯ್ಕೊಂಡು, ಮಡಿಯಲ್ಲಿ ತಂಬಿಟ್ಟು ಮಾಡಿ, ಒಬ್ಬೊಬ್ಬರ ಮನೆಯಿಂದ ಒಂದೊಂದು ಆರತಿ ತಂದಿದ್ದರಂತೆ. ಅಕ್ಕಿ ಹಿಟ್ಟು ಬೆಲ್ಲ ಕಲಸಿದ ತಂಬಿಟ್ಟು, ನಡುವೆ ಗುಳಿ ಮಾಡಿ ತುಪ್ಪದ ಬತ್ತಿ. ಮನೆಗೊಂದು ಲೋಟ ಹಾಲನ್ನ ಮಡುವಿಗೆ ಬಿಟ್ಟು, ಬೆಳಗಿದ ಆರತಿಗಳನ್ನ ಒಂದೊಂದಾಗಿ ನೀರಿಗೇ ಬಿಟ್ಟಿದ್ದರು. ನೀರು ನಿಂತಿದ್ದರಿಂದ ಎಲ್ಲ ಅಲ್ಲೇ ತಳಕ್ಕೆ ಕೂತು ಕರಗಿದೆ. ಹಾಲೂ ಅಲ್ಲೇ ತಂಗಿದೆ. ನಾನು ಪಂಪು ಹಾಕಿಸಿ ಅದನ್ನೇ ಎಬ್ಬಿಸಿ, ಬಾಟಲಿಗೆ ತುಂಬಿಸಿ ಕಳಿಸಿದ್ದೆ.

ಅವನು ಮುಂದುವರಿಸಿದ. ಮೊದಲ ಆರತಿ ಯಾರು ಎತ್ತಬೇಕು ಅಂತ ಬಂದಾಗ, ನೀರು ತಂದೋಳು ನೀನು, ನೀನೇ ಎತ್ತು ಅಂತ ಮುತ್ತೈದೆಯರೇ ಬಿಸಿಯೂಟದಕ್ಕನ ಕೈಗೆ ತಟ್ಟೆ ಕೊಟ್ಟಿದ್ದರಂತೆ. ಅವಳು ಒಲ್ಲೆ ಒಲ್ಲೆ ಅಂತ ಹಿಂದೆ ಸರಿದರೂ ಬಿಡಲಿಲ್ಲವಂತೆ. ಈಗ ನೀರು ನಿಂತ ಮೇಲೆ ಅದೇ ಬಾಯಿಗಳು, ಗಂಡ ಇಲ್ಲದೋಳ ಕೈಲಿ ಆರತಿ ಎತ್ತಿಸಿದ್ರೆ ಗಂಗಮ್ಮ ನಿಲ್ತಾಳಾ ಅಂತಿವೆ. ಅವಳ ಕೈಗುಣ ಸರಿಯಿಲ್ಲ, ನಮ್ಮ ಮಕ್ಕಳಿಗೆ ಅವಳ ಕೈ ಅಡುಗೆ ಬ್ಯಾಡ ಅಂತ ಶಾಲೆಗೂ ಹೋಗಿ ಹೇಳಿ ಬಂದಿದ್ದಾರೆ.

ಮನೆಗೆ ಹೋದವಳು ಸೀರೆ ಬದಲಿಸದೆ ಒಲೆ ಮುಂದೆ ನಿಂತು ತಂಬಿಟ್ಟು ಮಾಡಿದೆ. ನಮ್ಮ ಮನೆಯವರು ಇವತ್ತು ಯಾವ ಹಬ್ಬ ಅಂತ ಕೇಳಿದರು. ಮಾರನೇ ದಿನ ಹೊಂಡದ ತಿಳಿನೀರು ತುಂಬಿಕೊಂಡು, ಅದಕ್ಕೆ ಒಂದಿಷ್ಟು ತಂಬಿಟ್ಟು, ತುಪ್ಪ, ಹಾಲು ಕದಡಿ, ನನ್ನ ಖರ್ಚಲ್ಲಿ ಖಾಸಗಿ ಪ್ರಯೋಗಾಲಯಕ್ಕೆ ಕೊಟ್ಟೆ. ಫೇಲಾದದ್ದು ಅದೇ ಮೂರು. ಏನೂ ಬೆರೆಸದೆ ಕೊಟ್ಟಿದ್ದ ತಿಳಿನೀರು ಎಲ್ಲದರಲ್ಲೂ ಪಾಸು. ಕುಣಿಯಬೇಕಾದ ಸುದ್ದಿ ಅದು. ನಾನು ಎರಡೂ ವರದಿ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅಧಿಕಾರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಬೇಲಿಯ ಸಂದಿಯನ್ನೂ ಬಿಡದೆ. ಅವರು ಸಿಟ್ಟಾಗಲಿಲ್ಲ. ಆದರೆ ಆವತ್ತು ಷರಾ ಇದ್ದಿದ್ದರೆ ಆ ಮಾದರಿ ಕೈಬಿಡಬಹುದಿತ್ತು, ಈಗ ದಾಖಲೆಯಲ್ಲಿ ಏನೂ ಇಲ್ಲ, ನೀವು ಮನೇಲಿ ಕಲಸಿದ ನೀರನ್ನ ನಾನು ಹೇಗೆ ಒಪ್ಪಲಿ ಅಂದರು. ಹೊಸದಾಗಿ ಅರ್ಜಿ ಹಾಕಿ, ಮೊದಲಿಂದ ಮಾಡೋಣ ಅಂದರು. ಮ್ಯಾನೇಜರ ಮುಂದೆ ಹೋಗಿ ನಿಂತೆ. ಹಳೇ ಗುಂಡಿ ಎಷ್ಟು ಮಳೆ ತಡೆದೀತು, ಅದು ತುಂಬಿದ ದಿನ ಏನು ಮಾಡ್ತೀರಿ ಅಂತ ಜಗಳ ಆಡಿದೆ. ಇವಳ ಕಾಟ ತಪ್ಪಲಿ ಅಂತಲೋ ಏನೋ, ಹಾಕ್ಕೊಳ್ಳಿ ಅಂದರು. ಈ ಸಲದ ಅರ್ಜಿಯ ಒಂದೊಂದು ಅಕ್ಷರ ನಾನೇ ಬರೆದೆ. ಬೇಲಿಗೆ ಗೇಟು, ಊರಿನವರಿಗೆ ದಾರಿ, ಎಲ್ಲ ಅದರಲ್ಲಿ ಬಂತು.

ಇನ್ನು ಉಳಿದದ್ದು ಊರು. ಮಧ್ಯಾಹ್ನ ಶಾಲೆಯ ಜಗುಲಿಗೆ ಹೆಂಗಸರನ್ನ ಚಾಲಕನ ಕೈಲಿ ಕರೆಸಿದೆ. ಅಡುಗೆ ಕೋಣೆಯಲ್ಲಿ ಸೌಟು ಹಿಡಿದವಳು ಬೇರೆಯವಳು. ಬಿಸಿಯೂಟದಕ್ಕ ಹೊರಗೆ ನಲ್ಲಿ ಹತ್ತಿರ ತಟ್ಟೆ ತೊಳೀತಿದ್ದಳು. ನಾನು ಎರಡು ಲೋಟ ತಂದಿದ್ದೆ. ಒಂದರಲ್ಲಿ ಹೊಂಡದ ನೀರು, ಇನ್ನೊಂದರಲ್ಲಿ ಅದೇ ನೀರಿಗೆ ತಂಬಿಟ್ಟು ಕದಡಿದ್ದು, ಮೇಲೆ ತುಪ್ಪದ ಕಣ್ಣು ತೇಲ್ತಿದ್ದದ್ದು. ಆರತಿ ಯಾರು ಎತ್ತಿದ್ದರೂ ನೀರು ಫೇಲಾಗ್ತಿತ್ತು, ಆ ಹೊತ್ತಲ್ಲಿ ಬಾಟಲಿ ತುಂಬಿಸೋಕೆ ಬಿಟ್ಟ ತಪ್ಪು ನಂದು, ಈ ಅಕ್ಕನದೂ ಅಲ್ಲ, ನಿಮ್ಮದೂ ಅಲ್ಲ ಅಂತ ಬಿಡಿಸಿ ಬಿಡಿಸಿ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿದರು. ಲೋಟ ಕೈಯಿಂದ ಕೈಗೆ ಹೋಗಿ ವಾಪಸ್ ಬಂತು. ಕೊನೆಗೆ ಒಬ್ಬ ಹಿರಿ ಹೆಂಗಸು ಮೆಲ್ಲಗೆ ಕೇಳಿದಳು.

“ಆಫೀಸರು ಕಳಿಸಿದ ಕಾಗದದಾಗೆ ಹಿಂಗೇ ಬರದೈತಾ?”

ಇಲ್ಲ ಅಂದೆ. ಕಾಗದದಲ್ಲಿ ಡೀಸೆಲ್ ಅಂತ ಇದೆ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನೀವು ಒಳ್ಳೇರು ಮೇಡಂ” ಅಂದಳು ಆ ಹಿರಿ ಹೆಂಗಸು. “ಅವಳ ಮ್ಯಾಲೆ ಬಂದಿದ್ದನ್ನ ನಿಮ್ಮ ಮ್ಯಾಲೆ ಎಳಕಂತೀರಿ. ಯಾರು ಮಾಡ್ತಾರೆ ಹಂಗೆ?” ಉಳಿದವರು ಹೌದು ಹೌದು ಅಂದರು. ಒಬ್ಬಳು ನನಗೆ ಕುಡಿಯೋಕೆ ನೀರು ತಂದುಕೊಟ್ಟಳು. ಅದು ಟ್ಯಾಂಕರಿನ ನೀರು.

ಬಾಯಿ ಮಾಡಿ, ರೇಗಿ ಹೇಳೋಣ ಅನ್ನಿಸಿತು. ರೇಗೋದು ನನಗೆ ಬರುತ್ತೆ. ಯಾರ ಮೇಲೆ ರೇಗಲಿ? ಇವರು ಕೇಳ್ತಿದ್ದದ್ದು ಒಂದು ಸಾಲು. ಆ ಸಾಲು ಬರೆಯೋಕೆ ಪೆನ್ನು ತೆಗೆದವರ ಕೈ ತಡೆದವಳು ನಾನು.

ಹೆಂಗಸರು ಚದುರಿದ ಮೇಲೆ ಅವಳು ಕೈ ಒರೆಸಿಕೊಳ್ತಾ ಜೀಪಿನವರೆಗೆ ಬಂದಳು. ನನ್ನ ಮಾತೆಲ್ಲ ನಲ್ಲಿಯ ಹತ್ತಿರದಿಂದಲೇ ಕೇಳಿಸಿಕೊಂಡಿದ್ದಳು. ನೀನಾದರೂ ನಂಬು ಅಕ್ಕ, ನಿನ್ನಿಂದ ಏನೂ ಆಗಿಲ್ಲ ಅಂತ ಅವಳ ಕೈ ಹಿಡಿದೆ. ಸಮಾಧಾನ ಮಾಡೋಕೆ ಬಂದವಳ ಕಣ್ಣಲ್ಲಿ ನೀರು, ಅವಳ ಕಣ್ಣು ಒಣಗಿತ್ತು. ಹೊಸ ಅರ್ಜಿ ಹಾಕಿದೀನಿ, ಮತ್ತೆ ನೀರು ಬಿಡ್ತೀವಿ, ಮತ್ತೆ ಆಫೀಸರು ಬರ್ತಾರೆ, ಈ ಸಲ ಪಾಸಾಗೇ ಆಗುತ್ತೆ ಅಂತ ಹೇಳಿದೆ. ಆಗ ಮಾತ್ರ ಅವಳ ಮುಖ ಒಂದು ಗಳಿಗೆ ಅರಳಿತು.

“ಅವರು ಬರೋ ದಿನ ನಂಗೆ ಹೇಳ್ಕಳಿಸ್ರಿ ಮೇಡಂ, ಮರೀಬ್ಯಾಡ್ರಿ” ಅಂದಳು.

ಖಂಡಿತ ಹೇಳ್ತೀನಿ, ಯಾಕೆ ಅಂತ ಕೇಳಿದೆ.

“ಆವತ್ತು ನಾನು ಊರಾಗೆ ಇರಲ್ಲ.”